ಶೇಟರ ಮಷಿನ್‌ಗೆ ನಾನು ಬಿಟ್ಟ ಗುಮ್ಮ

ಕಂಪ್ಯೂಟರ್ ರಿಪೇರಿ ಕೆಲಸಕ್ಕೆ ಹೊಸದಾಗಿ ಸೇರಿದ ಇಬ್ಬರು ಮೊನ್ನೆ ಮನೆಗೆ ಬಂದು, ನಿಮ್ಮ ಕಾಲದ ಅನುಭವ ಬರೆದುಕೊಡಿ ಎಂದು ಕೇಳಿದರು. ಬರೆಯುತ್ತೇನೆ ಎಂದೆ. ಬಡ್ತಿಯ ಕಥೆ ಇದರಲ್ಲಿ ಇರುವುದಿಲ್ಲ, ಯಾಕೆಂದರೆ ನನಗೆ ಬಡ್ತಿ ಸಿಗಲೇ ಇಲ್ಲ. ಶಿರಸಿಯ ಆಫೀಸಿಗೆ ಸೇರಿದ ದಿನ ನನ್ನನ್ನು ಸರ್ವಿಸ್ ಇಂಜಿನಿಯರ್ ಎಂದರು, ಬಿಟ್ಟ ದಿನವೂ ಅದೇ ಹೆಸರು. ಇಂಜಿನಿಯರಿಂಗ್ ಕಾಲೇಜಿನ ಗೇಟು ಕೂಡ ನಾನು ದಾಟಿದವನಲ್ಲ. ರೇಡಿಯೊ, ಟೇಪ್ ರೆಕಾರ್ಡರ್ ಬಿಚ್ಚಿ ಕಲಿತ ಕೈ ನನ್ನದು. ಸರಿಯಾಗಿ ಮಾಡಿದ ಕೆಲಸಗಳನ್ನು ಬೇಕಾದವರು ಬೇಕಾದ ಹಾಗೆ ಹೊಗಳಿದ್ದಾರೆ, ಅವು ಹಾಗೇ ಇರಲಿ. ಕೆಡಿಸಿದ ಒಂದು ಕೆಲಸವನ್ನು ಪೂರ್ತಿ ಹೇಳಿಬಿಡಬೇಕು ಎಂದು ನಿಶ್ಚಯ ಮಾಡಿಕೊಂಡೇ ಕೂತಿದ್ದೇನೆ.

ತೊಂಬತ್ತರ ದಶಕದ ನಡುವಿನ ಮಾತು. ಶಿರಸಿ, ಸಿದ್ದಾಪುರ, ಯಲ್ಲಾಪುರ ಈ ಮೂರೂ ತಾಲೂಕಿಗೆ ನಾನೊಬ್ಬನೇ. ಹೆಗಲಿಗೆ ಸ್ಕ್ರೂ ಡ್ರೈವರುಗಳ ಚೀಲ, ಕೈಯಲ್ಲಿ ಫೈಲು ತುಂಬಿಡುವ ಫ್ಲಾಪಿಗಳ ಡಬ್ಬಿ, ಕೂರಲು ಸರ್ಕಾರಿ ಬಸ್ಸು. ಮಷಿನ್ ಇದ್ದ ಕೋಣೆಗೆ ಚಪ್ಪಲಿ ಹೊರಗೇ ಬಿಟ್ಟು ಹೋಗಬೇಕಿತ್ತು. ಮಾನಿಟರಿಗೆ ಕಸೂತಿ ಹಾಕಿದ ಬಟ್ಟೆ ಹೊದೆಸಿರುತ್ತಿದ್ದರು. ಮಳೆಗಾಲದಲ್ಲಿ ಫ್ಲಾಪಿಗೆ ಬೂಸ್ಟು ಹಿಡಿಯುತ್ತದೆ ಎಂದು ಮರದ ಪೆಟ್ಟಿಗೆಯೊಳಗೆ ಸಣ್ಣ ಬಲ್ಬು ಉರಿಸಿ ಅದರಲ್ಲಿ ಇಡಲು ಹೇಳಿಕೊಟ್ಟವನು ನಾನೇ. ಜನ ನಾನು ಹೇಳಿದ್ದನ್ನು ಚಾಚೂ ತಪ್ಪದೆ ಮಾಡುತ್ತಿದ್ದರು. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ನಾನು ಮೊದಲ ವೈರಸ್ ನೋಡಿದ್ದು ಯಲ್ಲಾಪುರದ ಒಂದು ಆಫೀಸಿನಲ್ಲಿ. ಪರದೆಯ ಮೇಲಿನ ಅಕ್ಷರಗಳು ಒಂದೊಂದಾಗಿ ಕಳಚಿ ಕೆಳಗೆ ಉದುರುತ್ತಿದ್ದವು. ಅಲ್ಲಿನ ಗುಮಾಸ್ತರು ಮುಂಡಗೋಡ ಕಡೆಯವರು. ನಾನು ಸರಿಮಾಡಿ ಬಂದ ಮೂರೇ ದಿನಕ್ಕೆ ಅವರ ಫೋನು ಬಂತು. "ಬರ್ರಿ ಸರ, ಮತ್ತ ಉದುರಾಕ ಹತ್ತಾವ್ರಿ."

ಹೋದೆ, ತೆಗೆದೆ, ಬಂದೆ. ಮತ್ತೆ ಫೋನು. ಮೂರನೆಯ ಸಲ ಹೋದಾಗ ಸಿಟ್ಟು ಬಂದು ಮೇಜಿನ ಖಾನೆಗಳನ್ನೆಲ್ಲ ಎಳೆದು ನೋಡಿದೆ. ಒಂದರ ತಳದಲ್ಲಿ, ಸುದ್ದಿಪತ್ರಿಕೆಯ ಅಡಿ, ಆಟದ ಒಂದು ಫ್ಲಾಪಿ ಇತ್ತು. ಗುಮಾಸ್ತರು ಮಧ್ಯಾಹ್ನ ಊಟದ ನಂತರ ಅದನ್ನು ಹಾಕಿಕೊಂಡು ಆಡುತ್ತಿದ್ದರು. ಎಲ್ಲ ಫ್ಲಾಪಿ ಶುದ್ಧ ಮಾಡಿದರೂ ಅಡಗಿದ್ದ ಆ ಒಂದರಿಂದ ರೋಗ ಮರಳಿ ಬರುತ್ತಿತ್ತು.

ಶಿರಸಿಗೆ ಬಂದಾಗ ನಮ್ಮ ಆಫೀಸಿನ ಯಜಮಾನರಾದ ಹೆಗಡೇರು ತಣ್ಣಗೆ ಕೇಳಿದರು. "ಮೂರು ಸಲ ಬಸ್ ಹತ್ತಿದ್ಯಲ, ಆ ಖಾನೆ ಮೊದ್ಲನೇ ದಿನವೇ ತೆಗದು ನೋಡಿದ್ರೆ ಎಂತ ಆಗ್ತಿತ್ತು?"

ಮುಖಕ್ಕೆ ಹೊಡೆದ ಹಾಗಾಯಿತು. ಅವತ್ತೇ ಕೂತು ಒಂದು ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆದೆ. ವೈರಸ್ ಕಂಡರೆ ಮೊದಲು ಸ್ವಿಚ್ ತೆಗೆಯಿರಿ. ಎರಡನೆಯದು, ಆ ಮಷಿನ್‌ಗೆ ಹಾಕಿದ ಫ್ಲಾಪಿಗಳನ್ನು ಒಂದನ್ನೂ ಬಿಡದೆ ಫಾರ್ಮ್ಯಾಟ್ ಮಾಡಿ. ಮೂರನೆಯದು, ನನಗೆ ಫೋನ್ ಮಾಡಿ. ಫಾರ್ಮ್ಯಾಟ್ ಎಂದರೆ ಇದ್ದದ್ದನ್ನೆಲ್ಲ ಒರೆಸಿ ಫ್ಲಾಪಿಯನ್ನು ಹೊಸದರಂತೆ ಮಾಡುವುದು. ಒರೆಸಿದ್ದು ಮತ್ತೆ ಯಾವ ಉಪಾಯಕ್ಕೂ ಬರಬಾರದು ಎಂದು ಆ ಆಜ್ಞೆಯ ಕೊನೆಗೆ ಯು ಅಕ್ಷರ ಸೇರಿಸಿ ಕೊಡುವುದನ್ನೂ ಎಲ್ಲರಿಗೂ ಕಲಿಸಿದೆ. ವೈರಸ್ ಹತ್ತಿದ ಫೈಲು ಸತ್ತ ಹಾಗೆ, ಅದರ ಮೇಲೆ ಮೋಹ ಬೇಡ ಎಂದು ಭಾಷಣ ಬೇರೆ. ಆ ಹಾಳೆಯನ್ನು ಜೆರಾಕ್ಸ್ ಮಾಡಿಸಿ ಮೂರು ತಾಲೂಕಿನಲ್ಲಿ ನಾನು ನೋಡಿಕೊಳ್ಳುವ ಪ್ರತಿ ಮಷಿನ್ ಪಕ್ಕದ ಗೋಡೆಗೂ ಅಂಟಿಸಿದೆ. ಫೋನನ್ನು ಮೂರನೆಯದಾಗಿ ಯಾಕೆ ಇಟ್ಟೆ ಎಂದರೆ, ಸಣ್ಣಪುಟ್ಟದಕ್ಕೆಲ್ಲ ನನ್ನನ್ನು ಓಡಾಡಿಸಬಾರದು ಎಂದು. ಅದು ನನ್ನ ಸೊಕ್ಕು.

ಸಿದ್ದಾಪುರದಲ್ಲಿ ಶೇಟರ ಒಂದು ಪ್ರೆಸ್ ಇತ್ತು. ಮದುವೆ ಕಾಗದ, ಕರಪತ್ರ, ಸಣ್ಣ ಪುಸ್ತಕ. ಅಚ್ಚಿನ ಮೊಳೆ ಜೋಡಿಸುವುದನ್ನು ಬಿಟ್ಟು ಅವರು ಕಂಪ್ಯೂಟರಿಗೆ ಬಂದು ಎರಡು ವರ್ಷವಾಗಿತ್ತು. ನಾನು ಹಾಳೆ ಅಂಟಿಸುವಾಗ ಶೇಟರು ನಾಲ್ಕು ಜನ ಗಿರಾಕಿಗಳ ಎದುರಿಗೇ ನಕ್ಕರು. "ವೈರಸ್ಸು ಗಿರಸ್ಸು ಎಲ್ಲ ನೀವೇ ಹುಟ್ಸಿದ ಗುಮ್ಮ ಮಾರಾಯ್ರೆ. ಮಕ್ಕಳಿಗೆ ಹೆದ್ರಿಸಿ ಉಣ್ಸಿದ ಹಾಗೆ."

ಗಿರಾಕಿಗಳೂ ನಕ್ಕರು. ನನಗೆ ಉರಿದುಹೋಯಿತು. ಇರಲಿ, ನಿಮಗೆ ಗುಮ್ಮ ತೋರಿಸಿಯೇ ಬಿಡುತ್ತೇನೆ ಎಂದು ಮನಸ್ಸಿನಲ್ಲೇ ಹಟ ಹಿಡಿದೆ.

ಶೇಟರಿಗೆ ಒಂದು ಅಭ್ಯಾಸ. ಬೆಳಿಗ್ಗೆ ಬಾಗಿಲು ತೆಗೆದವರೇ ಮಷಿನ್ ಹಾಕಿ ಅರ್ಧ ಗಂಟೆ ಇಸ್ಪೀಟು ಆಡುವುದು. ಕೆಲಸದವರು ಬರುವುದು ಆಮೇಲೆ. ಅವರ ಆ ಅರ್ಧ ಗಂಟೆಗೆ ಎಂದೇ ಬೇಸಿಕ್ ಭಾಷೆಯಲ್ಲಿ ಒಂದು ಸಣ್ಣ ಪ್ರೋಗ್ರಾಂ ಬರೆದೆ. ಅದು ಏನನ್ನೂ ಅಳಿಸುತ್ತಿರಲಿಲ್ಲ, ಬರೇ ಬಾಯಿ. ಮಷಿನ್ ಹಾಕಿದ ಕೂಡಲೇ ಪರದೆ ಕೆಂಪಾಗಿ, ಎಲ್ಲ ಫೈಲು ಅಳಿಸುತ್ತಿದ್ದೇನೆ ಎಂಬ ಸಾಲು ಬರುತ್ತಿತ್ತು. ಅದರ ಕೆಳಗೆ ಒಂದರಿಂದ ನೂರರವರೆಗೆ ಶೇಕಡಾ ಎಣಿಕೆ, ಹತ್ತಕ್ಕೊಂದು ಸಲ ಕೀಂಯ್ ಎಂಬ ಸದ್ದು. ನೂರು ಮುಟ್ಟಿದ ಮೇಲೆ ಪರದೆ ತಿಳಿಯಾಗಿ ಒಂದು ಸಾಲು: ಹೆದರಬೇಡಿ ಶೇಟರೆ, ಇದು ತಮಾಷೆ, ಒಂದು ಚಾ ಕುಡಿಯಿರಿ. ಬೇಸಿಕ್‌ನಲ್ಲಿ ಕನ್ನಡ ಅಕ್ಷರ ಮೂಡುತ್ತಿರಲಿಲ್ಲವಾದ್ದರಿಂದ ಎಲ್ಲವನ್ನೂ ಇಂಗ್ಲಿಷ್ ಅಕ್ಷರದಲ್ಲಿ ಬರೆದಿದ್ದೆ. ಎಣಿಕೆ ಬೇಗ ಮುಗಿದರೆ ಮಜಾ ಇಲ್ಲ ಎಂದು ಬೇಕೆಂದೇ ನಿಧಾನ ಮಾಡಿದೆ. ಒಂದು ಸೋಮವಾರ ಸಂಜೆ ಪ್ರಿಂಟರ್ ನೋಡುವ ನೆಪದಲ್ಲಿ ಅದನ್ನು ಹಾಕಿ, ಒಳಗೊಳಗೇ ನಗುತ್ತ ಬಸ್ ಹತ್ತಿದೆ.

ಮಂಗಳವಾರ ಶೇಟರು ಬರಲಿಲ್ಲ. ಕುಮಟೆಯಲ್ಲಿ ನೆಂಟರ ಮದುವೆ ಇತ್ತಂತೆ. ಬೀಗದ ಕೈ ಸುಮಿತ್ರಾಳ ಹತ್ತಿರ ಇತ್ತು.

ಸುಮಿತ್ರಾ ಆ ಪ್ರೆಸ್ಸಿನ ಆಪರೇಟರ್. ಕಾನಸೂರಿನ ಹುಡುಗಿ, ದಿನಾ ಬಸ್ಸಿನಲ್ಲಿ ಬಂದುಹೋಗುತ್ತಿದ್ದಳು. ಎಂಟು ತಿಂಗಳಿಂದ ಅವಳ ಕೈಯಲ್ಲಿ ಒಂದು ದೊಡ್ಡ ಕೆಲಸ ಇತ್ತು. ಬಿಳಗಿಯ ಬೀರಾ ನಾಯ್ಕರು ದನಕರುಗಳಿಗೆ ಮದ್ದು ಕೊಡುವುದರಲ್ಲಿ ಹೆಸರಾದವರು. ಎಂಬತ್ತರ ಹತ್ತಿರದ ವಯಸ್ಸು, ಬಲಗೈ ನಡುಗುತ್ತಿತ್ತು, ಬರೆಯಲು ಆಗುತ್ತಿರಲಿಲ್ಲ. ಮಂಗಳವಾರ, ಶುಕ್ರವಾರ ಪ್ರೆಸ್ಸಿಗೆ ಬಂದು ಸ್ಟೂಲಿನ ಮೇಲೆ ಕೂತು ಬಾಯಲ್ಲೇ ಹೇಳುವುದು, ಸುಮಿತ್ರಾ ನೇರ ಮಷಿನ್‌ಗೆ ಟೈಪ್ ಮಾಡುವುದು. ಹಸ್ತಪ್ರತಿ ಎಂಬುದೇ ಇರಲಿಲ್ಲ. ಹಾರ್ಡ್ ಡಿಸ್ಕ್ ಚಿಕ್ಕದಾದ್ದರಿಂದ ಪುಸ್ತಕ ಇದ್ದದ್ದು ಫ್ಲಾಪಿಗಳಲ್ಲಿ ಮಾತ್ರ. ಒಂದು ಜೊತೆ ಪ್ರೆಸ್ಸಿನ ಬಲ್ಬಿನ ಪೆಟ್ಟಿಗೆಯಲ್ಲಿ, ಇನ್ನೊಂದು ಜೊತೆ ಜೋಪಾನಕ್ಕೆ ಸುಮಿತ್ರಾಳ ಮನೆಯಲ್ಲಿ. ಎರಡು ಜೊತೆ ಇಡಲು ಹೇಳಿಕೊಟ್ಟವನೂ ನಾನೇ. ಅಷ್ಟು ಬುದ್ಧಿ ಇತ್ತು.

ಅವತ್ತು ನಾಯ್ಕರು ಮೈಗೆ ಸರಿಯಿಲ್ಲದೆ ಬಂದಿರಲಿಲ್ಲ. ಸುಮಿತ್ರಾ ಒಬ್ಬಳೇ ಮಷಿನ್ ಹಾಕಿದಳು. ಪರದೆ ಕೆಂಪಾಯಿತು. ಎಣಿಕೆ ನಲವತ್ತು ದಾಟುವಷ್ಟರಲ್ಲಿ, ಗೋಡೆಯ ಹಾಳೆಯಲ್ಲಿ ಬರೆದಂತೆ, ಅವಳು ಸ್ವಿಚ್ ತೆಗೆದಳು. ನೂರರ ಆಚೆ ಇದ್ದ ನನ್ನ ತಮಾಷೆಯ ಸಾಲು ಪರದೆಗೆ ಬರಲೇ ಇಲ್ಲ. ಆಮೇಲೆ ನಾನು ಕೊಟ್ಟಿದ್ದ ಶುದ್ಧ ಫ್ಲಾಪಿಯಿಂದ ಮಷಿನ್ ಎಬ್ಬಿಸಿ, ಪೆಟ್ಟಿಗೆಯಲ್ಲಿದ್ದ ಫ್ಲಾಪಿಗಳನ್ನು ಒಂದೊಂದಾಗಿ ಫಾರ್ಮ್ಯಾಟ್ ಮಾಡಿದಳು. ಅಷ್ಟಾದ ಮೇಲೆ ಮನೆಯ ಜೊತೆ ನೆನಪಾಯಿತು. ಹಿಂದಿನ ಶುಕ್ರವಾರ ಅದನ್ನೂ ಇದೇ ಮಷಿನ್‌ಗೆ ಹಾಕಿದ್ದಳಲ್ಲ. ಒಂದನ್ನೂ ಬಿಡದೆ ಎಂದು ಹಾಳೆಯಲ್ಲಿತ್ತು. ಮಧ್ಯಾಹ್ನದ ಬಸ್ಸಿಗೆ ಕಾನಸೂರಿಗೆ ಹೋಗಿ ಅವನ್ನು ತಂದು, ಅವನ್ನೂ ಒರೆಸಿದಳು. ಇಷ್ಟು ಮುಗಿದ ಮೇಲೆ ಮೂರನೆಯ ಕೆಲಸ ಮಾಡಿದಳು, ನನಗೆ ಫೋನ್ ಹಾಕಿದಳು.

"ಸರ್, ವೈರಸ್ ಬಂದಿತ್ತು. ನೀವು ಬರ್ದಿಟ್ಟ ಹಾಗೇ ಮಾಡ್ದೆ. ನಾಯ್ಕಜ್ಜನ ಪುಸ್ತಕ ಪೂರ್ತಿ ಹೋಯ್ತು. ಆದ್ರೆ ಬೇರೆ ಎಲ್ಲೂ ಹರಡ್ಲಿಲ್ಲ ಸರ್."

ನಾನು ರಿಸೀವರ್ ಹಿಡಿದುಕೊಂಡು ನಿಂತೆ. ನನ್ನ ಹಾಳೆಯನ್ನು ಅವಳು ಅಕ್ಷರ ಬಿಡದೆ ಪಾಲಿಸಿದ್ದಳು.

ಮರುದಿನ ನಾನು ಮಾಡಿದ್ದು ನನ್ನ ಬಾಳಿನಲ್ಲಿ ಅತಿ ಹೇಡಿತನದ ಕೆಲಸ. ಸಿದ್ದಾಪುರಕ್ಕೆ ಹೋಗಿ, ಸುಮಿತ್ರಾ ಪಕ್ಕದಲ್ಲಿ ನಿಂತಿರುವಾಗಲೇ, ಹಾರ್ಡ್ ಡಿಸ್ಕ್‌ನಲ್ಲಿದ್ದ ನನ್ನ ಪ್ರೋಗ್ರಾಮನ್ನು ಅಳಿಸಿ, ವೈರಸ್ ಹೋಯಿತು ಎಂದೆ. ಮದುವೆಯಿಂದ ಮರಳಿದ್ದ ಶೇಟರು ನನ್ನ ಕೈ ಹಿಡಿದುಕೊಂಡರು. "ನೀವು ಹೇಳಿದ್ದೇ ಖರೆ. ಗುಮ್ಮ ಅಲ್ಲ ಅದು, ಉಂಟು." ನನ್ನ ವಾದ ಗೆದ್ದಿತ್ತು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ, ಬಾಯಿ ಮಾತ್ರ ಬಿಡಲಿಲ್ಲ. ಸುಮಿತ್ರಾ ಬೀಗದ ಕೈಯನ್ನು ಮೇಜಿನ ಮೇಲಿಟ್ಟು, "ನಾ ಇನ್ನು ಮಷಿನ್ ಮುಟ್ಟುದಿಲ್ಲ ಶೇಟ್ರೆ" ಎಂದು ಹೇಳಿ ಹೋದಳು. ಆಗಲೂ ನಾನು ಹೇಳಲಿಲ್ಲ.

ಶುಕ್ರವಾರ ಮತ್ತೆ ಅಲ್ಲಿಗೆ ಹೋದೆ. ಇಲ್ಲದ ರೋಗಕ್ಕೆ ಪರೀಕ್ಷೆ ಮಾಡುವ ನಾಟಕ ಬಾಕಿ ಇತ್ತು. ಹತ್ತು ಗಂಟೆಗೆ ಬೀರಾ ನಾಯ್ಕರು ಎಂದಿನಂತೆ ಬಂದು, ಚಪ್ಪಲಿ ಹೊರಗೆ ಬಿಟ್ಟು, ಸ್ಟೂಲಿನ ಮೇಲೆ ಕೂತರು. ಅವರಿಗೆ ಯಾರೂ ಹೇಳಿರಲಿಲ್ಲ.

"ಹುಡ್ಗಿ ಎಲ್ಲಿ?" ಎಂದು ಕೇಳಿದರು.

ಶೇಟರು ಹೇಗೋ ಬಾಯಿ ತೆರೆದರು. "ಪುಸ್ತಕ ಹೋಯ್ತು ನಾಯ್ಕರೆ. ಮಷಿನ್‌ಗೆ ರೋಗ ಬಂತು. ಹುಡುಗಿ ಎಲ್ಲ ಒರೆಸಿಬಿಟ್ಟಳು."

ನಾಯ್ಕರು ನನ್ನ ಕಡೆ ತಿರುಗಿದರು. "ನೀವು ಇದ್ರ ವೈದ್ಯರಲ್ದಾ? ಎಂತ ರೋಗ ಅದು? ಲಕ್ಷಣ ಎಂತ ಇತ್ತು?"

ನಾನು ಏನೋ ತೊದಲಿದೆ.

"ರೋಗ ಎಂತದು ಅಂತ ನೋಡ್ದೇ ಮದ್ದು ಕೊಡ್ಸಿದ್ರಾ?" ಎಂದರು. ಸಿಟ್ಟಿನಿಂದಲ್ಲ. ನಿಜವಾಗಿ ತಿಳಿಯಬೇಕಾಗಿತ್ತು ಅವರಿಗೆ.

ಶಿರಸಿಗೆ ಬಂದು ನೇರ ಹೆಗಡೇರ ಎದುರು ನಿಂತು ಇದ್ದದ್ದು ಇದ್ದ ಹಾಗೆ ಹೇಳಿದೆ. ಕೆಲಸ ಹೋಗುತ್ತದೆ ಎಂದೇ ತಿಳಿದಿದ್ದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಿನ್ನ ತೆಗದು ಹಾಕಿದ್ರೆ ಆ ಪುಸ್ತಕ ಬತ್ತಿಲ್ಲೆ. ಹೋಗು, ಅದು ಬಪ್ಪಲ್ಲಿವರೆಗೆ ಮಂಗಳವಾರ, ಶುಕ್ರವಾರ ನಿಂಗೆ ಇಲ್ಲಿ ಕೆಲಸ ಇಲ್ಲೆ." ಪುಸ್ತಕ ಮರಳಿ ಬರುವವರೆಗೆ ಆ ಎರಡು ದಿನ ಸಿದ್ದಾಪುರದ ಪ್ರೆಸ್ಸಿಗೇ ಎಂದು ಅರ್ಥ.

ಭಾನುವಾರ ಬಿಳಗಿಗೆ ಹೋದೆ. ನಾಯ್ಕರು ಅಂಗಳದಲ್ಲಿ ಯಾರದೋ ಆಕಳಿನ ಕಿವಿ ಮುಟ್ಟಿ ನೋಡುತ್ತಿದ್ದರು. ನಿಂತಲ್ಲೇ ಎಲ್ಲ ಹೇಳಿದೆ. ಕಿವಿಯ ಮೇಲಿನ ಕೈ ತೆಗೆಯದೇ ಕೇಳಿಸಿಕೊಂಡರು.

"ಅಂದ್ರೆ ಹುಡ್ಗಿದು ತಪ್ಪು ಎಂತದೂ ಇಲ್ಲ."

"ಇಲ್ಲ."

"ಮೊದ್ಲು ಅವ್ಳ ಮನೆಗೆ ಹೋಗಿ ಅದನ್ನ ಹೇಳಿ. ನನ್ನ ಪುಸ್ತಕ ಆಮೇಲೆ. ನಾ ಮತ್ತೆ ಹೇಳ್ತೆ, ಉಸ್ರು ಇರೋವರೆಗೆ ಹೇಳ್ತೆ. ಆದ್ರೆ ಈ ಸಲ ಬರಿಯೋದು ನೀವು."

ಅಲ್ಲಿಂದ ಕಾನಸೂರು. ಸುಮಿತ್ರಾ ಮನೆಯ ಜಗುಲಿಯಲ್ಲಿ ಹೊಲಿಗೆ ಮಷಿನ್ ಮುಂದೆ ಕೂತಿದ್ದಳು. ನಾನು ಹೇಳಿ ಮುಗಿಸುವವರೆಗೆ ಚಕ್ರದ ಮೇಲೆ ಕೈ ಇಟ್ಟುಕೊಂಡೇ ಇದ್ದಳು.

"ನೀವು ಅದನ್ನ ಅಳ್ಸುವಾಗ ನಾ ಪಕ್ಕದಲ್ಲೇ ನಿಂತಿದ್ದೆ" ಎಂದಳು. "ಆಗಲೂ ಹೇಳ್ಲಿಲ್ಲ ನೀವು."

"ಇಲ್ಲ. ಧೈರ್ಯ ಬರಲಿಲ್ಲ."

"ಐದು ದಿನದಿಂದ ಊಟ ಸೇರಿಲ್ಲ ನಂಗೆ. ಅಜ್ಜನ ಮುಖ ಹೇಗೆ ನೋಡೋದು ಅಂತ." ಕಣ್ಣು ತುಂಬಿತ್ತು, ಆದರೆ ಮಾತು ಗಟ್ಟಿಯಾಗಿತ್ತು. "ಶೇಟ್ರ ಅಂಗಡಿಲೇ ಹೇಳಿ ಇದನ್ನ. ಬಾಗ್ಲು ತೆಗ್ದಿಟ್ಟು, ಗಿರಾಕಿ ಇದ್ದಾಗ. ಆಮೇಲೆ ನಾ ಬರ್ತೆ."

ಸೋಮವಾರ ಹಾಗೇ ಮಾಡಿದೆ. ಶೇಟರು ಮೊದಲು ಬೈದರು, ಬೈಯಬೇಕಾದ್ದೇ. ಆಮೇಲೆ ಕೂತು ಹೇಳಿದರು. "ಹಾಗಾದ್ರೆ ನಾ ಮೊದ್ಲು ಹೇಳಿದ್ದೇ ಖರೆ ಆಯ್ತು. ನೀವೇ ಹುಟ್ಸಿದ ಗುಮ್ಮ." ಹೌದು ಎಂದೆ. ಈ ಸಲ ಗಿರಾಕಿಗಳು ನಗಲಿಲ್ಲ.

ಮಷಿನ್ ಬಿಚ್ಚಲು ಬರುವ ನನಗೆ ಕನ್ನಡ ಟೈಪಿಂಗ್ ಬರುತ್ತಿರಲಿಲ್ಲ. ಮೊದಲ ದಿನ ಎರಡು ಗಂಟೆಯಲ್ಲಿ ಆರು ಸಾಲು. ಒತ್ತಕ್ಷರ ಎಲ್ಲಿದೆ ಎಂದು ಹುಡುಕುವಷ್ಟರಲ್ಲಿ ನಾಯ್ಕರು ಮುಂದಿನ ಮದ್ದಿಗೆ ಹೋಗಿರುತ್ತಿದ್ದರು. ಸುಮಿತ್ರಾ ಪಕ್ಕದಲ್ಲಿ ಕೂತು ಕೀಲಿ ತೋರಿಸುತ್ತಿದ್ದಳು, ತಾನು ಮಾತ್ರ ಮುಟ್ಟುತ್ತಿರಲಿಲ್ಲ. "ಆಗ್ತದೆ, ಒತ್ತಿ" ಎನ್ನುವುದು, ಅಷ್ಟೇ. ರಾತ್ರಿ ಮಲಗಿದರೂ ಬೆರಳು ಕುಣಿಯುತ್ತಿದ್ದವು. ಬಿಡುವುದಿಲ್ಲ ಎಂದು ಹಲ್ಲು ಕಚ್ಚಿ ಕೂತೆ. ಮಳೆಗಾಲ ಬಂತು, ಬಸ್ಸು ಕೆಟ್ಟಿತು, ಕರೆಂಟು ದಿನಗಟ್ಟಲೆ ಇರಲಿಲ್ಲ. ಕರೆಂಟು ಇಲ್ಲದ ದಿನ ಕಾಗದದ ಮೇಲೆ ಬರೆದುಕೊಂಡೆ. ಒಂದು ಮಂಗಳವಾರವನ್ನೂ ತಪ್ಪಿಸಲಿಲ್ಲ. ನಾಯ್ಕರು ಕೆಮ್ಮಿನಿಂದ ಸಿದ್ದಾಪುರಕ್ಕೆ ಬರಲಾಗದಿದ್ದಾಗ ನಾವಿಬ್ಬರೇ ಬಿಳಗಿಗೆ ಹೋದೆವು.

ನಾಲ್ಕು ಮದ್ದು ಟೈಪ್ ಮಾಡುವಷ್ಟರಲ್ಲಿ ಅವರ ರೀತಿ ನನಗೆ ಕಂಡಿತು. ಯಾವ ರೋಗ ಹೇಳಿದರೂ ಮದ್ದಿನಿಂದ ಶುರುಮಾಡುತ್ತಿರಲಿಲ್ಲ. ಹೊಟ್ಟೆ ಉಬ್ಬರ ಎಂದರೆ, ಮೊದಲು ಆಕಳು ಮೆಲುಕು ಹಾಕುತ್ತಿದೆಯೇ ನೋಡು, ಹಾಕುತ್ತಿದ್ದರೆ ಮದ್ದು ಕೊಡಬೇಡ, ಕಾದು ನೋಡು. ಶುಂಠಿ, ಓಮು ಎಲ್ಲ ಆಮೇಲೆ. ಪ್ರತಿ ಪುಟದಲ್ಲೂ ಹೀಗೇ. ನನ್ನ ಗೋಡೆಯ ಹಾಳೆ ಎದುರಿಗೇ ಇತ್ತು. ಅದನ್ನು ನೋಡುತ್ತ ಇದನ್ನು ಟೈಪ್ ಮಾಡುವುದು ಸುಲಭವಿರಲಿಲ್ಲ.

ನಾಯ್ಕರು ಕೆಲವು ಕಡೆ ತಡವರಿಸುತ್ತಿದ್ದರು. ಆಗ ಸುಮಿತ್ರಾ, "ಅಜ್ಜಾ, ಹೋದ ಸಲ ಇದಕ್ಕೆ ಲಕ್ಕಿಸೊಪ್ಪೂ ಹೇಳಿದ್ರಿ" ಎನ್ನುತ್ತಿದ್ದಳು. "ಹೌದೇ ಹುಡ್ಗಿ, ಸೇರ್ಸು" ಎಂದು ಅವರು ಖುಷಿಯಾಗುತ್ತಿದ್ದರು. ಎಂಟು ತಿಂಗಳು ಟೈಪ್ ಮಾಡಿದ್ದರಲ್ಲಿ ಅರ್ಧ ಅವಳ ತಲೆಯಲ್ಲಿ ಉಳಿದಿತ್ತು. ಆದರೆ ಅವಳು ನೆನಪಿಸಿದರೂ ಅವರಿಗೆ ಹೊಳೆಯದ ಹನ್ನೊಂದು ಮದ್ದುಗಳಿದ್ದವು. ಅವನ್ನು ಸೇರಿಸಲು ಅವರು ಒಪ್ಪಲಿಲ್ಲ. "ನಂಗೆ ಖಾತ್ರಿ ಇಲ್ಲದ್ದು ಬ್ಯಾಡ. ಮೂಕ ಪ್ರಾಣಿ ಅದು, ತಪ್ಪಾದ್ರೆ ಹೇಳೂಕೆ ಬರೂದಿಲ್ಲ." ಆ ಹನ್ನೊಂದು ಹೋದವು. ಅವುಗಳ ಲೆಕ್ಕ ಇಂದಿಗೂ ನನ್ನ ತಲೆಯ ಮೇಲಿದೆ, ಯಾರ ಕ್ಷಮೆಯಿಂದಲೂ ಇಳಿಯುವುದಿಲ್ಲ.

ಕೆಲಸದ ರೀತಿಯೂ ಬದಲಾಯಿತು. ಆ ದಿನದ ಪುಟಗಳನ್ನು ಆ ದಿನವೇ ಕಾಗದಕ್ಕೆ ಇಳಿಸಿ ನಾಯ್ಕರ ಕೈಗೆ ಕೊಡದೆ ನಾವು ಏಳುತ್ತಿರಲಿಲ್ಲ. ಮೂರು ತಾಲೂಕಿನ ಗೋಡೆಗಳಿಂದ ನನ್ನ ಹಾಳೆಯನ್ನು ನಾನೇ ಕಿತ್ತು ಬೇರೆಯದನ್ನು ಅಂಟಿಸಿದೆ. ಮೊದಲು ಸುಮ್ಮನಿರಿ, ಏನೂ ಮಾಡಬೇಡಿ, ನನಗೆ ಫೋನ್ ಮಾಡಿ, ಎಷ್ಟು ಸಲ ಬೇಕಾದರೂ ಮಾಡಿ. ಅದರಲ್ಲಿ ಇಷ್ಟೇ ಇತ್ತು. ಎರಡು ಸಾವಿರದ ಈಚೆಗೆ ಇಂಟರ್‌ನೆಟ್ ಬಂದು ನಿಜವಾದ ವೈರಸ್‌ಗಳು ಹೊಳೆಯಂತೆ ಹರಿದು ಬಂದವು, ಫ್ಲಾಪಿ ಹೋಗಿ ಪೆನ್ ಡ್ರೈವ್ ಬಂತು. ಗೋಡೆಯ ಹಾಳೆ ಮಾತ್ರ ಅದೇ ಉಳಿಯಿತು. ತಮಾಷೆಯ ವೈರಸ್ಸುಗಳು ಈಮೇಲಿನಲ್ಲಿ ಬಂದಾಗ ಆಫೀಸಿನವರೆಲ್ಲ ನಗುತ್ತಿದ್ದರು. ನೀವೂ ನಗಿ, ಬೇಡ ಎನ್ನುವುದಿಲ್ಲ. ನೀವೇ ಅಂಥದ್ದು ಮಾಡುವ ಮೊದಲು, ಮಷಿನ್ ಮುಂದೆ ಕೂರುವವರು ಯಾರು, ಅವರ ಕೈಯಲ್ಲಿ ಏನಿದೆ ಎಂದು ಕೇಳಿಕೊಳ್ಳಿ. ನಾನು ಕೇಳಿಕೊಂಡಿರಲಿಲ್ಲ.

ಪುಸ್ತಕ ಮುಗಿದ ದಿನದ ಒಂದು ಸಂಗತಿ ಬಾಕಿ ಇದೆ. ಕೊನೆಯ ಪುಟವನ್ನು ಸುಮಿತ್ರಾ ಗಟ್ಟಿಯಾಗಿ ಓದಿದಳು. ನಾಯ್ಕರು ಕಣ್ಣು ಮುಚ್ಚಿ ಕೇಳಿ, "ಸಾಕು, ಇನ್ನು ಅಚ್ಚು ಹಾಕಿ" ಎಂದು ಎದ್ದರು. ಶೇಟರು ಅವರನ್ನು ಬಸ್ಸಿಗೆ ಕೂರಿಸಲು ಹೋದರು. ಆಗ ಸುಮಿತ್ರಾ ಕೇಳಿದಳು.

"ಆ ಪ್ರೋಗ್ರಾಂ ನಿಮ್ಮ ಹತ್ರ ಉಂಟಾ?"

ಚೀಲದಲ್ಲೇ ಇತ್ತು. ಎಸೆಯಲು ಮನಸ್ಸು ಬಂದಿರಲಿಲ್ಲ, ಇಟ್ಟುಕೊಳ್ಳಲೂ ಹಿತವಿರಲಿಲ್ಲ.

"ಹಾಕಿ. ನಾ ಪೂರ್ತಿ ನೋಡಿಲ್ಲ ಅದನ್ನ."

ಫ್ಲಾಪಿ ಹಾಕಿದೆ. ಪರದೆ ಕೆಂಪಾಯಿತು. ನಲವತ್ತು ಬಂದಾಗ ಅವಳ ಕೈ ತಾನಾಗಿ ಸ್ವಿಚ್ಚಿನ ಕಡೆ ಹೋಗಿ ನಿಂತಿತು. ಆಮೇಲೆ ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಕೂತಳು. ನಾನು ಬೇಕೆಂದೇ ನಿಧಾನ ಮಾಡಿದ್ದ ಎಣಿಕೆ ಮುಗಿಯುವುದೇ ಇಲ್ಲವೇನೋ ಅನ್ನಿಸಿತು. ನೂರು ಆಯಿತು. ಪರದೆ ತಿಳಿಯಾಗಿ ಆ ಸಾಲು ಬಂತು. ಹೆದರಬೇಡಿ ಶೇಟರೆ, ಇದು ತಮಾಷೆ, ಒಂದು ಚಾ ಕುಡಿಯಿರಿ. ಅವಳು ಅದನ್ನು ಎರಡು ಸಲ ಓದಿದಳು. ನಗಲಿಲ್ಲ.

"ಈ ಸಾಲು ಮೊದ್ಲೇ ಇರ್ಬೇಕಿತ್ತು" ಎಂದಳು.

ಆಮೇಲೆ, ಆರು ತಿಂಗಳಲ್ಲಿ ಮೊದಲ ಸಲ, ಕೀಬೋರ್ಡನ್ನು ತನ್ನ ಕಡೆ ಎಳೆದುಕೊಂಡಳು. ನಾನು ಕಲಿಸಿದ್ದ ಫಾರ್ಮ್ಯಾಟ್ ಆಜ್ಞೆಯನ್ನು, ಕೊನೆಯ ಯು ಅಕ್ಷರದ ಸಹಿತ, ತಪ್ಪಿಲ್ಲದೆ ಟೈಪ್ ಮಾಡಿ ಕೈ ಹಿಂದಕ್ಕೆ ತೆಗೆದಳು.

"ಎಂಟರ್ ನೀವೇ ಒತ್ತಿ."

ಒತ್ತಿದೆ. ಡ್ರೈವು ಕಟಕಟ ಎನ್ನುತ್ತ ಒರೆಸತೊಡಗಿತು. ಅದು ಮುಗಿಯುವವರೆಗೂ ಇಬ್ಬರೂ ಏಳಲಿಲ್ಲ. ಮುಗಿದ ಮೇಲೆ ಅವಳು ಆ ಖಾಲಿ ಫ್ಲಾಪಿಯನ್ನು ಹೊರತೆಗೆದು, ಅದರ ಮೇಲೆ ಹೊಸ ಚೀಟಿ ಅಂಟಿಸಿ, ನಾಯ್ಕಜ್ಜನ ಪುಸ್ತಕ, ಮೂರನೆಯ ಪ್ರತಿ ಎಂದು ಬರೆದಳು.